ಎಲೆ ಎತ್ತುವವರು, ಬಡಿಸುವವರು

ಕೇಳುಗರಿಗೆ ನಮಸ್ಕಾರ.

ನನ್ನ ಸೋದರಮಾವ ಮುಂಬಯಿಯ ಮಾಟುಂಗಾದಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಹೋದ ಮಳೆಗಾಲದಲ್ಲಿ ರೈಲ್ವೆ ಸೇತುವೆಯ ಮೆಟ್ಟಿಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಮೂರನೇ ದಿನಕ್ಕೇ ಫೋನು: "ಎಂತ ಮಾರಾಯ, ಬಾವೇ ಇಳಿಯುದಿಲ್ಲ. ಗಟ್ಟಿ ಮಾತ್ರೆ ಒಂದು ಹೇಳು." ನಾನು ಮೂಳೆಯ ಬಗ್ಗೆ ಸಂಶೋಧನೆ ಮಾಡುವವನು, ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ಇದು ನಮ್ಮ ಮನೆಯವರಿಗೆ ಇವತ್ತಿಗೂ ಅರ್ಥವಾಗಿಲ್ಲ.

"ಮಾತ್ರೆ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಬಾವನ್ನು ಬೈಬೇಡಿ ಮಾವ, ಅದು ಕೆಲಸಕ್ಕೆ ಬಂದದ್ದು" ಅಂದೆ.

ಊರಿನ ಮದುವೆಯೂಟ ನೆನಪು ಮಾಡಿಕೊಳ್ಳಿ. ಒಂದು ಪಂಕ್ತಿ ಎದ್ದ ಮೇಲೆ ಎಂಜಲೆಲೆ ಎತ್ತಬೇಕು, ನೆಲ ಒರೆಸಬೇಕು. ಆಮೇಲೆ ಎತ್ತಿದ ಹುಡುಗರೇ ಕೈ ತೊಳೆದುಕೊಂಡು ಸೌಟು ಹಿಡಿಯುತ್ತಾರೆ. ಮುರಿದ ಮೂಳೆಯ ಹತ್ತಿರವೂ ಹೀಗೆಯೇ. ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಜೀವಕೋಶಗಳು ಮೊದಲ ಕೆಲವು ದಿನ ಸತ್ತ ಚೂರುಗಳನ್ನು ತಿಂದು ಜಾಗ ಚೊಕ್ಕಟ ಮಾಡುತ್ತವೆ. ನಮಗೆ ಕಾಣುವುದು ಬಾವು, ನೋವು. ಆಮೇಲೆ ಅವೇ ವರಸೆ ಬದಲಿಸಿ ರಕ್ತನಾಳಗಳನ್ನೂ ಮೂಳೆ ಕಟ್ಟುವ ಕೋಶಗಳನ್ನೂ ಕರೆಯುತ್ತವೆ. ಎಲೆ ಎತ್ತುವವರೇ ಬರದಿದ್ದರೂ ಊಟ ನಡೆಯುವುದಿಲ್ಲ: ಉರಿಯೂತದ ಒಂದು ಮುಖ್ಯ ಸಂಕೇತವನ್ನು ಗ್ರಹಿಸಲಾರದ ಇಲಿಗಳಲ್ಲಿ ಮೂಳೆ ತಡವಾಗಿ ಕೂಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ತೊಂದರೆ ತಿರುಗಾಮುರುಗಾ. ಎತ್ತುವವರು ಜಾಗ ಬಿಟ್ಟು ಏಳುವುದೇ ಇಲ್ಲ.

ಹಾಗಾದರೆ ವರಸೆ ಬದಲಿಸುವ ಮದ್ದು ಕೊಡಬಾರದೇ? ಇದೆ. ಇಂಟರ್‌ಲ್ಯೂಕಿನ್-4 ಎಂಬ ಪ್ರೋಟೀನು ಆ ಅಪ್ಪಣೆ ಕೊಡಬಲ್ಲದು. ಆದರೆ ಸೂಜಿಯಲ್ಲಿ ಚುಚ್ಚಿದರೆ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಬೇಡದ ಕಡೆಗೂ ಹೋಗುತ್ತದೆ. ಅದಕ್ಕೇ ಅದನ್ನು ಪುಟ್ಟ ಮಣಿಗಳಲ್ಲಿ ತುಂಬಿ ಮುರಿದ ಜಾಗದಲ್ಲೇ ಇಡುವ ಪ್ರಯತ್ನ ನಡೆದಿದೆ. ತಾನಾಗಿ ಕರಗುವ ಹೊಲಿಗೆ ದಾರ ಗೊತ್ತಲ್ಲ, ಮಣಿಯೂ ಅದೇ ಜಾತಿಯ ಪಾಲಿಮರಿನದು. ದೇಹದ ನೀರು ಅದನ್ನು ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳಾಗಿ ಒಡೆಯುತ್ತದೆ. ಎರಡರ ಪ್ರಮಾಣ ಹೆಚ್ಚುಕಡಿಮೆ ಮಾಡಿದರೆ ಕರಗಲು ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಕಷ್ಟವಿರುವುದು ಹೊತ್ತು ಹೊಂದಿಸುವುದರಲ್ಲಿ. ಬೇಗ ಸೋರಿದರೆ, ಎಂಜಲೆಲೆಯ ಮೇಲೇ ಪಾಯಸ ಬಡಿಸಿದ ಹಾಗೆ.

ಸೋರುವುದರ ಪಾಠ ಈಗಾಗಲೇ ಒಮ್ಮೆ ಆಗಿದೆ. ಮೂಳೆ ಬೆಳೆಸುವ ಪ್ರೋಟೀನಿನ ಸುಳಿವನ್ನು ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಕೊಟ್ಟರು. ಆ ಜಾತಿಯ ಬಿಎಂಪಿ-2 ಎಂಬ ಪ್ರೋಟೀನನ್ನು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಸೊಂಟದ ಬೆನ್ನುಮೂಳೆ ಬೆಸೆಯಲು ಅಮೆರಿಕ 2002ರಲ್ಲಿ ಒಪ್ಪಿತು. ಸ್ಪಂಜು ಮದ್ದನ್ನು ಹಿಡಿದಿಡುವುದರಲ್ಲಿ ಜಾಣನಲ್ಲ, ಹಾಗಾಗಿ ಮಿಲಿಗ್ರಾಂಗಟ್ಟಲೆ ಹಾಕಬೇಕು, ಇಂಥ ಪ್ರೋಟೀನಿನ ಲೆಕ್ಕದಲ್ಲಿ ಅದು ಬಹಳವೇ. ಒಪ್ಪಿಗೆಯಿಲ್ಲದ ಕುತ್ತಿಗೆಯ ಶಸ್ತ್ರಚಿಕಿತ್ಸೆಗೂ ಅದನ್ನು ಬಳಸಿ, ಗಂಟಲು ಊದಿ ಉಸಿರು ಕಟ್ಟಿದವರಿದ್ದಾರೆ. 2008ರಲ್ಲಿ ಅಲ್ಲಿನ ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು. ಮದ್ದಿನಷ್ಟೇ ಅದನ್ನು ಹಿಡಿದಿಡುವ ಪಾತ್ರೆಯ ಮೇಲೂ ತಲೆ ಕೆಡಿಸಿಕೊಳ್ಳಬೇಕೆಂಬ ನನ್ನ ಹಟಕ್ಕೆ ಇದೇ ಕಾರಣ.

ಮಾವ ಎಲ್ಲ ಕೇಳಿಸಿಕೊಂಡರು. "ಆ ಮಣಿ ನಂಗೆ ಯಾವಾಗ ಸಿಗ್ತದೆ?"

"ಸದ್ಯಕ್ಕೆ ಇಲಿ, ಮೊಲಗಳಲ್ಲಿ ನೋಡ್ತಿದ್ದಾರೆ ಮಾವ."

"ಇಲಿಗುಂಟು, ನಂಗಿಲ್ಲ!"

"ಅದಿರಲಿ, ನಿಮ್ಮ ಶುಗರ್ ಈಗ ಎಷ್ಟಿದೆ?" ಅಂದೆ. ಫೋನು ಅತ್ತೆಯ ಕೈಗೆ ಹೋಯಿತು.