ಲಿಂಗಾಂಬುಧಿ ಕೆರೆಯ ಬಿಜ್ಜುಗಳು

ಮೈಸೂರಿನ ಲಿಂಗಾಂಬುಧಿ ಕೆರೆಯಲ್ಲಿ ಚಿತ್ರೀಕರಿಸಿದ ಈ ವಿಡಿಯೊದಲ್ಲಿ ಒಣಗಿದ ಕೊಂಬೆಯ ಮೇಲೆ ಕುಳಿತಿರುವುದು ಶಿಕ್ರಾ ಎಂಬ ಸಣ್ಣ ಬೇಟೆಹಕ್ಕಿ; ಕನ್ನಡದಲ್ಲಿ ಇದಕ್ಕೆ ಬಿಜ್ಜು ಎಂಬ ಚೆಂದದ ಹೆಸರಿದೆ. ಕಂದು ಬೆನ್ನನ್ನೂ ಎದೆಯ ಮೇಲೆ ಹನಿ ಇಳಿದಂತಿರುವ ಗೆರೆಗಳನ್ನೂ ನೋಡಿ ಮೊದಲು ನಾನು ಇದನ್ನು, ಇದನ್ನೇ ಹೋಲುವ ಇನ್ನೊಂದು ಬೇಟೆಹಕ್ಕಿಯಾದ ಬೆಸ್ರಾ ಎಂದುಕೊಂಡಿದ್ದೆ. ಈಗ ಹಾಗನ್ನುವುದಿಲ್ಲ, ಏಕೆಂದರೆ ಬೆಸ್ರಾದ ಗಂಟಲಿನ ನಡುಗೆರೆ ದಪ್ಪ, ಬಾಲದ ಕಪ್ಪು ಪಟ್ಟಿಗಳೂ ಅಗಲ. ಈ ಹಕ್ಕಿಯಲ್ಲಿ ಎರಡೂ ತೆಳುವಾಗಿವೆ. ಇದು ಇನ್ನೂ ಪ್ರಾಯಕ್ಕೆ ಬಾರದ ಬಿಜ್ಜು.

ಮುಂದಿನ ದೃಶ್ಯದಲ್ಲಿರುವುದು ಬೆಳೆದ ಹಕ್ಕಿ. ಇದರ ಎದೆಯಲ್ಲಿ ಉದ್ದ ಗೆರೆಗಳಿಲ್ಲ, ಅಡ್ಡಡ್ಡಲಾಗಿ ಇಟ್ಟಿಗೆಗೆಂಪಿನ ನವಿರಾದ ಪಟ್ಟಿಗಳಿವೆ. ಇಲ್ಲಿಯೇ ನನ್ನ ಎರಡು ದಿನಗಳ ಶ್ರಮ ವ್ಯರ್ಥವಾಯಿತು. ದಿನಕ್ಕೆ 1200 ರೂಪಾಯಿ ಬಾಡಿಗೆಯ ಲೆನ್ಸ್ ಹಿಡಿದು, ಸೂರ್ಯ ಆಗಷ್ಟೇ ಮೇಲೇರುತ್ತಿದ್ದ ಹೊತ್ತಿನಲ್ಲಿ ಚಿತ್ರೀಕರಿಸಿದೆ. ಬೆಳೆದ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ; ಆ ಕೆಂಬೆಳಕಿನಲ್ಲಿ ಕಣ್ಣು ಕೆಂಪಾಗಿ ಹೊಳೆದದ್ದರಿಂದ, ಗಂಡೆಂದು ಎರಡೂ ದಿನ ಟಿಪ್ಪಣಿ ಬರೆದುಕೊಂಡೆ. ಮೂರನೆಯ ಬೆಳಗ್ಗೆ ಮೋಡ ಕವಿದಾಗ ಅದೇ ಹಕ್ಕಿ, ಅದೇ ಕೊಂಬೆಯ ಮೇಲೆ, ಹಳದಿ ಕಣ್ಣು ತೆರೆದು ಕುಳಿತಿತ್ತು. ಬೆನ್ನಿನ ಬೂದುಬಣ್ಣದಲ್ಲಿ ಕಂದು ಬೆರೆತಿರುವುದೂ ಆಗಲೇ ಕಂಡಿತು. ಅಷ್ಟರಲ್ಲಿ ನೀಲಿಬೂದು ಬೆನ್ನಿನ, ನಿಜವಾಗಿಯೂ ಕೆಂಪು ಕಣ್ಣಿನ ಚಿಕ್ಕ ಹಕ್ಕಿಯೊಂದು ಪಕ್ಕದ ಕೊಂಬೆಗೆ ಬಂದು ಕುಳಿತ ಮೇಲೆ ನಾನು ಚಿತ್ರೀಕರಿಸಿದ್ದು ಹೆಣ್ಣು ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ, ಏಕೆಂದರೆ ಬಿಜ್ಜುಗಳಲ್ಲಿ ಹೆಣ್ಣೇ ದೊಡ್ಡದು. ಗಂಡು ಹೆಣ್ಣನ್ನು ಗುರುತಿಸಲು ಕಣ್ಣಿನ ಬಣ್ಣ ಸಾಕೆಂದು ಈ ಹಿಂದೆ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಎಳೆಬಿಸಿಲಿನಲ್ಲಿ ಬಣ್ಣವನ್ನು ನಂಬಲೇಬಾರದು, ಪ್ರಾಯ ತಿಳಿಯಲು ಗೆರೆ ಉದ್ದವೋ ಅಡ್ಡವೋ ಎಂಬುದನ್ನೇ ಮೊದಲು ನೋಡಬೇಕು.

ಗರಿ ಬದಲಿಸುವ ಕಾಲದಲ್ಲಿ ಕೆಲವು ಹಕ್ಕಿಗಳ ಮೈಮೇಲೆ ಹಳೆಯ ಉದ್ದಗೆರೆ, ಹೊಸ ಅಡ್ಡಪಟ್ಟಿ ಎರಡೂ ಒಟ್ಟಿಗೆ ಕಾಣುತ್ತವೆ; ಅದು ಬೇರೆ ಜಾತಿಯಲ್ಲ, ಬೆಳೆಯುತ್ತಿರುವ ಬಿಜ್ಜು. 2024ರಲ್ಲಿ ಪಕ್ಷಿತಜ್ಞರು ಇದರ ವೈಜ್ಞಾನಿಕ ಕುಲನಾಮವನ್ನು ಆಕ್ಸಿಪಿಟರ್‌ನಿಂದ ಟಾಕಿಸ್ಪೈಜಾ ಎಂದು ಬದಲಿಸಿದರೂ ಗುರುತಿಸುವ ಲಕ್ಷಣಗಳೇನೂ ಬದಲಾಗಿಲ್ಲ.

ಈಗ ಎಲೆಗಳ ಮರೆಯಲ್ಲಿ ಕಾಣುವುದು ಬಿಜ್ಜುವಲ್ಲ. ಬೂದು ಬೆನ್ನು, ಪಟ್ಟೆ ಬಾಲ, ರೆಕ್ಕೆ ಬಡಿದು ತೇಲುವ ಹಾರಾಟ ಎಲ್ಲವೂ ಬಿಜ್ಜುವಿನಂತೆಯೇ ಇರುವ ಚಾಣಕೋಗಿಲೆ ಇದು. ಆದರೆ ಕೊಕ್ಕನ್ನು ನೋಡಿ: ಮಾಂಸ ಹರಿಯುವ ಕೊಂಡಿಯಿಲ್ಲ, ಕಾಲಿನಲ್ಲಿ ಬೇಟೆಯ ಉಗುರುಗಳೂ ಇಲ್ಲ. ಹಾರಿಹೋಯಿತು, ದೃಶ್ಯ ಇಷ್ಟೇ ಸಿಕ್ಕಿತು.