ಡಾಕ್ಟರ್ ಬರೆದದ್ದನ್ನು ರೋಗಿ ಓದಿದರೆ

ನಮಸ್ಕಾರ ಕೇಳುಗರೇ. ನಾವು ಕಾಯಿಲೆ ಹೇಳಿಕೊಳ್ಳುವಾಗ ಡಾಕ್ಟರು ಏನೋ ಬರೆದುಕೊಳ್ಳುತ್ತಾರೆ, ಅಲ್ವಾ? ಅದನ್ನು ನಮಗೂ ಓದಲು ಕೊಟ್ಟರೆ ಒಳ್ಳೆಯದಾಗುತ್ತದಾ?

ಅಮೆರಿಕದಲ್ಲಿ 2010ರಲ್ಲಿ ಇದನ್ನು ಮಾಡಿ ನೋಡಿದರು. ಹೆಸರು ಓಪನ್‌ನೋಟ್ಸ್. ಬಾಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್‌ನ 105 ವೈದ್ಯರು, 13,564 ರೋಗಿಗಳು. 2012ರಲ್ಲಿ ಬಂದ ಫಲಿತಾಂಶ ಸೊಗಸಾಗಿತ್ತು. ಔಷಧಿ ತೆಗೆದುಕೊಳ್ಳುವವರಲ್ಲಿ ಶೇಕಡಾ 60ರಿಂದ 78 ಮಂದಿ, ಮೊದಲಿಗಿಂತ ಸರಿಯಾಗಿ ಮಾತ್ರೆ ನುಂಗುತ್ತಿದ್ದೇವೆ ಅಂದರು. ಓದಿ ಗೊಂದಲವಾಯಿತು, ಚಿಂತೆಯಾಯಿತು, ಬೇಸರವಾಯಿತು ಅಂದವರು ಶೇಕಡಾ 1ರಿಂದ 8 ಅಷ್ಟೇ.

ಚಪ್ಪಾಳೆ ತಟ್ಟುವ ಮೊದಲು ಸ್ವಲ್ಪ ತಡೆಯಿರಿ. ಈ ವೈದ್ಯರು ತಾವಾಗಿಯೇ ಮುಂದೆ ಬಂದವರು. ಒಲ್ಲೆ ಅಂದವರ ರೋಗಿಗಳು ಈ ಲೆಕ್ಕದಲ್ಲಿಲ್ಲ. ಹೋಲಿಸಿ ನೋಡಲು ಟಿಪ್ಪಣಿ ಸಿಗದ ಇನ್ನೊಂದು ಗುಂಪೂ ಇರಲಿಲ್ಲ. ಟಿಪ್ಪಣಿ ತೆರೆದವರು 11,797 ಮಂದಿ. ಅವರಲ್ಲಿ ಕೊನೆಯ ಪ್ರಶ್ನೆಗಳಿಗೆ ಉತ್ತರಿಸಿದವರು 5,391. ಸಿಟ್ಟು ಬಂದವರು ಸುಮ್ನೆ ಉಳಿದಿರಬಹುದು. ಇನ್ನು ಮಾತ್ರೆ ನುಂಗುತ್ತೇನೆ ಅನ್ನುವುದಕ್ಕೂ ನುಂಗುವುದಕ್ಕೂ ಇರುವ ದೂರ ನಮ್ಮೆಲ್ಲರ ಮನೆಯಲ್ಲೂ ಗೊತ್ತಿರುವುದೇ!

ಆಮೇಲೆ ಪೆನ್ಸಿಲ್ವೇನಿಯಾದ ರೋಗಿಗಳನ್ನು ಟಿಪ್ಪಣಿ ಸಿಗದವರ ಜೊತೆ ಹೋಲಿಸಿದರು. ಬಾಯಿಮಾತು ಬಿಟ್ಟು ಔಷಧಿಯ ದಾಖಲೆ ನೋಡಿದರು. ಬಿಪಿ ಮಾತ್ರೆಯಲ್ಲಿ ಚೂರು ಸುಧಾರಣೆ ಕಂಡಿತು. ಕೊಲೆಸ್ಟರಾಲ್ ಮಾತ್ರೆಯಲ್ಲಿ ಏನೂ ವ್ಯತ್ಯಾಸವಿಲ್ಲ. ಮೊದಲಿನ ಭರ್ಜರಿ ಅಂಕಿಗಳಿಗಿಂತ ಈ ಸಪ್ಪೆ ಉತ್ತರವನ್ನೇ ನಾನು ಜಾಸ್ತಿ ನಂಬುತ್ತೇನೆ.

2020ರಲ್ಲಿ ಬಂದ ಇನ್ನೊಂದು ಸಮೀಕ್ಷೆ ಬೇರೆ ಥರದ್ದು. ಟಿಪ್ಪಣಿ ಓದಿದ 22,889 ಜನರಲ್ಲಿ ಐವರಿಗೊಬ್ಬರು ಅದರಲ್ಲಿ ತಪ್ಪಿದೆ ಅಂದರು. ಇಲ್ಲೂ ಉತ್ತರ ಕೊಟ್ಟವರು ಕಡಿಮೆ, ಕೇಳಿದವರಲ್ಲಿ ಸುಮಾರು ಐದನೇ ಒಂದು ಪಾಲು. ಹಾಗಾಗಿ ಎಲ್ಲ ಕಡೆಯೂ ಐವರಿಗೊಬ್ಬರು ಅಂತ ಹೇಳಲಾಗದು. ಆದರೆ ಸಾವಿರಾರು ಜನ ತಪ್ಪು ಕಂಡೆವು ಅಂದದ್ದಂತೂ ನಿಜ. ಎಡಗಾಲಿನ ನೋವು ಬಲಗಾಲು ಅಂತ ದಾಖಲಾಗಿದ್ದರೆ, ಅದನ್ನು ಮೊದಲು ಹಿಡಿಯುವವರು ಆ ಕಾಲಿನ ಯಜಮಾನರೇ ತಾನೆ?

2021ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಟಿಪ್ಪಣಿ ತೋರಿಸುವುದು ಕಾನೂನೇ ಆಯಿತು. ನಮ್ಮಲ್ಲೂ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಓದಿದವರು ಮಾತ್ರೆ ಸರಿಯಾಗಿ ನುಂಗುತ್ತಾರೋ ಇಲ್ಲವೋ ಅನ್ನುವ ಷರತ್ತು ಆ ನಿಯಮದಲ್ಲಿಲ್ಲ. ನಮಸ್ಕಾರ.