ಮೊಸಳೆ ಅಂದ್ರೆ ಏನು? 1604ರ ಉತ್ತರ

ಸ್ಕ್ರೀನ್ ಮೇಲೆ ಕಾಣ್ತಿರೋದು 1604ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ. 'ಎ ಟೇಬಲ್ ಆಲ್ಫಬೆಟಿಕಲ್'. ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳಿದ ಮೊದಲ ಡಿಕ್ಷನರಿ ಅಂತ ಇದನ್ನೇ ಕರೆಯುತ್ತಾರೆ. ಮೊದಲ ಮುದ್ರಣದ್ದು ಉಳಿದಿರೋದು ಒಂದೇ ಒಂದು ಪ್ರತಿ, ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿ. ನಾನು ನೋಡ್ತಿರೋದು ಮನೆಯಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ.

ಬರೆದವರು ರಾಬರ್ಟ್ ಕಾಡ್ರಿ. ಮೊದಲು ಮೇಷ್ಟ್ರು, ಆಮೇಲೆ ಪಾದ್ರಿ. ಚರ್ಚಿನ ಕಟ್ಟಳೆಗೆ ಬಗ್ಗದೆ ಆ ಕೆಲಸವನ್ನೂ ಕಳೆದುಕೊಂಡರು. ಪುಸ್ತಕಕ್ಕೆ ಕೈಜೋಡಿಸಿದ ಮಗ ಥಾಮಸ್ ಕೂಡ ಮೇಷ್ಟ್ರೇ.

ಇದರಲ್ಲಿ ನಾಯಿ, ಮನೆ ಅಂತೆಲ್ಲ ಹುಡುಕಬೇಡಿ. ಗೊತ್ತಿರೋ ಪದಕ್ಕೆ ಅರ್ಥ ಯಾಕೆ, ಅಲ್ವಾ? ಇರೋ ಸುಮಾರು 2,500 ಪದಗಳೂ ಕಷ್ಟದವು. ಜಾಸ್ತಿ ಲ್ಯಾಟಿನ್, ಗ್ರೀಕ್, ಫ್ರೆಂಚಿನಿಂದ ಬಂದವು. ಓದಿಕೊಂಡವರು ಮಾತು ಮಾತಿಗೂ ಲ್ಯಾಟಿನ್ ತುರುಕುತ್ತಿದ್ದ ಕಾಲ ಅದು. ಚರ್ಚಿನಲ್ಲಿ ಕೂತು ಉಪದೇಶ ಕೇಳುವವರಿಗೆ ಎಷ್ಟೋ ಪದ ತಲೆ ಮೇಲೆ ಹಾರಿಹೋಗುತ್ತಿದ್ದವು.

ಯಾರಿಗಾಗಿ ಈ ಪುಸ್ತಕ ಅಂತ ಮೊದಲ ಪುಟದಲ್ಲೇ ಇದೆ: ಹೆಂಗಸರಿಗೆ, ಮತ್ತು ಪಳಗದ ಇತರರಿಗೆ. ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು. ಲ್ಯಾಟಿನ್ ಕಲಿಸುವ ಶಾಲೆಗೆ ಹುಡುಗಿಯರನ್ನು ಕಳಿಸುತ್ತಲೇ ಇರಲಿಲ್ಲ. ಪಳಗೋದು ಎಲ್ಲಿಂದ?

ನನಗೆ ತುಂಬಾ ಹಿಡಿಸಿದ್ದು ಮುನ್ನುಡಿ. ಡಿಕ್ಷನರಿ ನೋಡೋದು ಹೇಗೆ ಅಂತಲೇ ಪಾಠ! ಮೊದಲು ಅಕ್ಷರಗಳನ್ನು ಸಾಲಾಗಿ, ಪುಸ್ತಕ ನೋಡದೆ ಕಲಿಯಿರಿ. ಪದ 'ಎ'ಯಿಂದ ಶುರುವಾದರೆ ಮೊದಲಲ್ಲಿ ಹುಡುಕಿ, 'ವಿ'ಯಿಂದ ಆದರೆ ಕೊನೆಯ ಕಡೆ ಹೋಗಿ. 'ಸಿ, ಎ' ಇದ್ದರೆ 'ಸಿ' ಭಾಗದ ಆರಂಭದಲ್ಲಿ, 'ಸಿ, ಯು' ಇದ್ದರೆ ಅದೇ ಭಾಗದ ಕೊನೆಯಲ್ಲಿ. ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದ ಹಾಗಿದೆ.

ಅರ್ಥಗಳು ಮಾತ್ರ ಬಲು ಚುಟುಕು. ಮೊಸಳೆಗೆ ಕಾಡ್ರಿ ಕೊಟ್ಟಿರೋದು ಇಷ್ಟೇ: 'ಒಂದು ಬಗೆಯ ಪ್ರಾಣಿ'. ಮುಗೀತು!

ಈಗ 1616ಕ್ಕೆ ಬನ್ನಿ. ಜಾನ್ ಬುಲ್ಲೋಕರ್ ಅಂತ ಒಬ್ಬ ವೈದ್ಯರು. ಅವರದೂ ಕಷ್ಟದ ಪದಗಳ ಡಿಕ್ಷನರಿಯೇ. ಆದರೆ ಮೊಸಳೆ ಬಂತೋ, ಇವರು ಕಥೆ ಹೇಳಲು ಕೂತುಬಿಡುತ್ತಾರೆ. ಮೊಟ್ಟೆಯಿಂದ ಹುಟ್ಟಿದರೂ ಮೂವತ್ತು ಅಡಿವರೆಗೆ ಬೆಳೆಯುತ್ತದಂತೆ. ಮನುಷ್ಯನ ಮೈ ತಿಂದು ಮುಗಿಸಿ, ತಲೆ ಮುಂದಿಟ್ಟುಕೊಂಡು ಅಳುತ್ತದಂತೆ. ಅತ್ತಾದ ಮೇಲೆ ತಲೆಯನ್ನೂ ತಿನ್ನುತ್ತದಂತೆ.

ಅಷ್ಟಕ್ಕೇ ಬಿಟ್ಟಿಲ್ಲ. ನಾನೂ ಒಮ್ಮೆ ಲಂಡನ್ನಿನಲ್ಲಿ ಮೊಸಳೆ ನೋಡಿದ್ದೇನೆ ಅಂತ ಡಿಕ್ಷನರಿಯಲ್ಲೇ ಸೇರಿಸಿದ್ದಾರೆ. ಸತ್ತದ್ದನ್ನು ತಂದಿದ್ದರಂತೆ. ಆಕಾರ ಒಂಚೂರೂ ಕೆಟ್ಟಿರಲಿಲ್ಲವಂತೆ. ಉದ್ದ, ಸುಮಾರು ಎರಡು ಗಜ.